ದೋಣಿಯ ಬಡಬಾನಲ

(ಬಾನುಲಿ ಭಾಷಣ)

ಸಮುದ್ರದ ಹೊಟ್ಟೆಯಲ್ಲಿ ಒಂದು ಬೆಂಕಿಯಿದೆಯೆಂದು ನಮ್ಮ ಪ್ರಾಚೀನರು ನಂಬಿದ್ದರು. ಭೃಗುವಂಶದ ಔರ್ವನೆಂಬ ಋಷಿಯ ಕೋಪವು ಲೋಕವನ್ನೇ ಸುಡಲು ಹೊರಟಾಗ ಪಿತೃಗಳು ಅವನನ್ನು ಸಂತೈಸಿ, ಆ ಕೋಪಾಗ್ನಿಯನ್ನು ಕಡಲಿನಲ್ಲಿ ಬಿಡುವಂತೆ ಮಾಡಿದರು. ಅದು ಹೆಣ್ಣುಕುದುರೆಯ ಮೋರೆಯನ್ನು ತಾಳಿ, ಕಡಲ ನೀರನ್ನು ಕುಡಿಯುತ್ತ, ಆರದೆ, ದಡವನ್ನು ದಾಟದೆ ಅಲ್ಲಿಯೇ ಉಳಿಯಿತು. ಬಡಬೆ ಎಂದರೆ ಹೆಣ್ಣುಕುದುರೆ. ಬಡಬಾನಲ, ಬಡಬಾಗ್ನಿ, ಔರ್ವಾನಲ ಎಂಬ ಹೆಸರುಗಳಿಂದ ನಮ್ಮ ಕವಿಗಳು ಈ ಬೆಂಕಿಯನ್ನು ಉಪಮೆಗೂ ಉತ್ಪ್ರೇಕ್ಷೆಗೂ ಮತ್ತೆ ಮತ್ತೆ ಕರೆತಂದಿದ್ದಾರೆ. ತರಗತಿಯಲ್ಲಿ ಈ ಮಾತು ಬಂದಾಗ ವಿದ್ಯಾರ್ಥಿಗಳು ಕೇಳುತ್ತಿದ್ದ ಪ್ರಶ್ನೆ ಒಂದೇ: ನೀರಿನೊಳಗಿದ್ದೂ ಬೆಂಕಿ ಆರುವುದಿಲ್ಲವೆಂದರೆ ಅದು ಹೇಗೆ? ಕವಿಸಮಯವೆಂದು ಉತ್ತರಿಸಿ ಮುಂದಿನ ಪದ್ಯಕ್ಕೆ ಹೋಗುವುದು ನಮ್ಮಂಥ ಮೇಷ್ಟರುಗಳಿಗೆ ಸುಲಭವಾಗಿತ್ತು.

ಆದರೆ ಆ ಪ್ರಶ್ನೆಗೆ ನಿಜವಾದ ಉತ್ತರವೊಂದು ಇಂದು ನಮ್ಮ ಕರಾವಳಿಯಲ್ಲಿ ತೇಲಾಡುತ್ತಿದೆ. ಮಂಗಳೂರಿನಿಂದ ಕಾರವಾರದವರೆಗೆ ಕಡಲಿಗಿಳಿಯುವ ಒಂದೊಂದು ಯಾಂತ್ರಿಕ ದೋಣಿಯೂ ತನ್ನ ಹೊಟ್ಟೆಯಲ್ಲಿ ಒಂದು ಬೆಂಕಿಯನ್ನು ಹೊತ್ತಿರುತ್ತದೆ. ಆ ಬೆಂಕಿಯ ಉಸಿರನ್ನು ತಣಿಸಲು ಕಡಲ ನೀರನ್ನೇ ಕುಡಿದು, ಕುಡಿದುದನ್ನು ಕಡಲಿಗೇ ಉಗುಳುತ್ತದೆ. ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ, ಕೆಟ್ಟರೆ ಏನಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಹೇಳಲು ಪ್ರಯತ್ನಿಸುವುದೇ ಈ ಹೊತ್ತಿನ ಭಾಷಣದ ಉದ್ದೇಶ.

ಕಲಘಟಗಿ ತಾಲೂಕಿನ ದೇವಿಕೊಪ್ಪದಂಥ ಕಾಡಂಚಿನ ಊರಿನಲ್ಲಿ ಕುಳಿತ ಕನ್ನಡದ ಅಧ್ಯಾಪಕನಿಗೆ ದೋಣಿಯ ಯಂತ್ರದ ಗೊಡವೆಯೇಕೆಂದು ಕೇಳುವವರಿರಬಹುದು. ಅದಕ್ಕೆ ಎರಡು ಕಾರಣಗಳಿವೆ. ಕಲಘಟಗಿ ಸೀಮೆಯಲ್ಲಿ ಬಿದ್ದ ಮಳೆ ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆ–ಗೋಕರ್ಣಗಳ ನಡುವೆ ಪಡುವಣ ಕಡಲನ್ನು ಕೂಡುತ್ತದೆ. ನಮ್ಮ ನೀರು ಹೋಗುವ ಕಡೆ ನಮ್ಮ ಮಕ್ಕಳೂ ಹೋಗುತ್ತಿದ್ದಾರೆ. ಮಳೆಯನ್ನೇ ನಂಬಿದ ಬಯಲುಸೀಮೆಯ ಹಳ್ಳಿಗಳಿಂದ ಅದೆಷ್ಟೋ ತರುಣರು ಮಲ್ಪೆಗೂ ಮಂಗಳೂರಿಗೂ ದೋಣಿಯ ಕೆಲಸಕ್ಕೆಂದು ಹೋಗುತ್ತಾರೆ. ಈಜು ಬಾರದ ಹುಡುಗ ಕಡಲಿಗಿಳಿಯುತ್ತಾನೆ. ಟ್ರ್ಯಾಕ್ಟರಿನ ಪರಿಚಯವಿದ್ದರೆ ಅವನನ್ನು ಯಂತ್ರದ ಬಳಿಗೆ ಕಳಿಸುತ್ತಾರೆ. ಅಲ್ಲಿ ಅವನಿಗೆ ಸಿಗುವ ಶಿಕ್ಷಣ ನಾಲ್ಕಾರು ಆಜ್ಞೆಗಳು ಮಾತ್ರ: ಇದನ್ನು ತಿರುಗಿಸು, ಅದನ್ನು ಮುಚ್ಚು. ಏಕೆ ತಿರುಗಿಸಬೇಕು, ಏಕೆ ಮುಚ್ಚಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಆ ‘ಏಕೆ’ಯನ್ನು ಬಿಡಿಸಿ ಹೇಳುವ ಹೊಣೆ ನಮ್ಮ ನುಡಿಗೂ ಇದೆಯೆಂದು ನಾನು ತಿಳಿದಿದ್ದೇನೆ.

ಮೊದಲು ನಮಗೆ ಪರಿಚಿತವಾದ ನೆಲದ ಮೇಲಿನ ಯಂತ್ರವನ್ನು ನೆನೆಯೋಣ. ವಿದ್ಯುತ್ತು ಹೊಲಗಳನ್ನು ತಲುಪುವ ಮೊದಲು ನಮ್ಮ ಸೀಮೆಯ ಬಾವಿಗಳ ದಂಡೆಯ ಮೇಲೆ ಡುಗುಡುಗು ಸದ್ದು ಮಾಡುತ್ತಿದ್ದ ಎಣ್ಣೆ ಯಂತ್ರವನ್ನು ಹಿರಿಯರು ಮರೆತಿರಲಾರರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಹೆಸರು ಹೊತ್ತ ಎಣ್ಣೆ ಯಂತ್ರಗಳ ಕಾರ್ಖಾನೆ ೧೯೪೬ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಮೇಲೆ ಇಂಥ ಯಂತ್ರಗಳು ರೈತರ ಮನೆಮಾತಾದವು. ಬಾವಿಯಿಂದ ಎತ್ತಿದ ನೀರಿನಲ್ಲಿಯೇ ಒಂದು ಸಣ್ಣ ಪಾಲನ್ನು ಯಂತ್ರದ ಮೈಯೊಳಗೆ ಹಾಯಿಸಿ, ಬೆಚ್ಚಗಾದ ಆ ನೀರನ್ನು ಕಾಲುವೆಗೇ ಬಿಡುತ್ತಿದ್ದರು. ಹೊಗೆಯ ಚಿಂತೆ ಯಾರಿಗೂ ಇರಲಿಲ್ಲ. ಒಂದು ಕಬ್ಬಿಣದ ಕೊಳವೆ ಮೇಲಕ್ಕೆದ್ದು ಬಯಲಿಗೆ ಬಾಯ್ದೆರೆದಿರುತ್ತಿತ್ತು. ಅದು ಎಷ್ಟು ಕಾದರೂ ಸುತ್ತಲಿದ್ದುದು ಗಾಳಿ ಮತ್ತು ಆಕಾಶ.

ಡೀಸೆಲ್ ಯಂತ್ರದಲ್ಲಿ ಎಣ್ಣೆ ಉರಿದಾಗ ಹುಟ್ಟುವ ಉಷ್ಣದ ಲೆಕ್ಕ ಸ್ಥೂಲವಾಗಿ ಹೀಗಿದೆ. ಮೂರರಲ್ಲೊಂದು ಪಾಲು ಅಚ್ಚನ್ನು ತಿರುಗಿಸುವ ದುಡಿಮೆಯಾಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದುದನ್ನು ತಂಪುನೀರೂ ಯಂತ್ರದ ಬಿಸಿಮೈಯೂ ಹಂಚಿಕೊಳ್ಳುತ್ತವೆ. ಎಂದರೆ, ದುಡಿಮೆಗೆ ಸಂದಷ್ಟೇ ಬೆಂಕಿ ಹೊಗೆಯ ಕೊಳವೆಯಲ್ಲಿ ವ್ಯರ್ಥವಾಗಿ ಹರಿಯುತ್ತಿರುತ್ತದೆ. ಪೂರ್ಣ ಭಾರದಲ್ಲಿ ದುಡಿಯುವ ಯಂತ್ರದಿಂದ ಹೊರಬೀಳುವ ಹೊಗೆಯ ಉಷ್ಣತೆ ಸಾಮಾನ್ಯವಾಗಿ ೪೦೦ರಿಂದ ೫೦೦ ಡಿಗ್ರಿ ಸೆಂಟಿಗ್ರೇಡಿನಷ್ಟು. ಸೀಸವು ೩೨೭ ಡಿಗ್ರಿಯಲ್ಲಿ ಕರಗುತ್ತದೆಯೆಂಬುದನ್ನು ನೆನೆದರೆ ಇದರ ತೀವ್ರತೆ ತಿಳಿದೀತು.

ಇಂಥ ಯಂತ್ರ ನಮ್ಮ ಕಡಲಿಗೆ ಬಂದುದು ಸ್ವಾತಂತ್ರ್ಯದ ನಂತರ. ಅದಕ್ಕೆ ಮೊದಲು ಹಾಯಿ, ಹುಟ್ಟು ಮತ್ತು ತೋಳ್ಬಲಗಳೇ ಆಧಾರ; ಊರಿಗೆ ಊರೇ ಕೂಡಿ ದಡಕ್ಕೆಳೆಯುವ ರಂಪಣಿ ಬಲೆಯೇ ಕರಾವಳಿಯ ದೊಡ್ಡ ಮೀನುಗಾರಿಕೆ. ೧೯೫೨ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಆದ ಒಪ್ಪಂದದಿಂದ ಕೇರಳದ ನೀಂಡಕರದಲ್ಲಿ ಇಂಡೋ–ನಾರ್ವೇಜಿಯನ್ ಯೋಜನೆ ಆರಂಭವಾಯಿತು. ಯಂತ್ರದ ದೋಣಿಗಳನ್ನು ನಮ್ಮ ಬೆಸ್ತರಿಗೆ ಒಗ್ಗಿಸುವುದು ಅದರ ಒಂದು ಮುಖ್ಯ ಕಾರ್ಯ. ಮುಂದೆ ೧೯೬೦ರ ದಶಕದಲ್ಲಿ ಅದರ ಚಟುವಟಿಕೆ ನಮ್ಮ ಕಾರವಾರಕ್ಕೂ ವಿಸ್ತರಿಸಿತು. ೧೯೬೯ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಸ್ಥಾಪಿತವಾಯಿತು. ೧೯೭೦ರ ದಶಕದ ನಡುಭಾಗದಲ್ಲಿ ಪರ್ಸಿನ್ ಬಲೆ ಬಂದ ಮೇಲೆ ರಂಪಣಿಯ ಕಾಲ ಮುಗಿಯುತ್ತ ಬಂದಿತು. ಇದರಿಂದಾದ ಲಾಭನಷ್ಟಗಳ ವಿಚಾರ ಬೇರೆಯೇ ಒಂದು ಭಾಷಣಕ್ಕೆ ವಿಷಯ. ಇಂದು ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಬೇಲೆಕೇರಿ, ಕಾರವಾರಗಳ ಬಂದರುಗಳಲ್ಲಿ ಒತ್ತಾಗಿ ನಿಲ್ಲುವ ದೋಣಿಗಳ ಒಡಲಲ್ಲೆಲ್ಲ ಡೀಸೆಲ್ ಯಂತ್ರವಿದೆ. ನಾಡದೋಣಿಯ ಹಿಂಬದಿಗೆ ಸಿಕ್ಕಿಸುವ ಸಣ್ಣ ಯಂತ್ರದ ಮಾತು ಬೇರೆ. ನಾನು ಹೇಳುತ್ತಿರುವುದು ದೋಣಿಯ ಹೊಟ್ಟೆಯೊಳಗೆ ಕೂಡಿಸಿದ ಯಂತ್ರವನ್ನು ಕುರಿತು.

ಹೊಟ್ಟೆಯೊಳಗೆ ಎಂಬಲ್ಲಿಯೇ ಸಮಸ್ಯೆಯ ಬೇರಿದೆ. ಬಾವಿಯ ದಂಡೆಯ ಮೇಲೆ ಯಂತ್ರಕ್ಕೆ ಆಕಾಶವಿತ್ತು. ದೋಣಿಯಲ್ಲಿ ಅದಕ್ಕೆ ಮುಚ್ಚಿದ ಕೋಣೆಯಿದೆ. ಪಕ್ಕದಲ್ಲಿಯೇ ಮರದ ಪಕ್ಕೆಲುಬುಗಳು ಇಲ್ಲವೆ ಗಾಜುನಾರಿನ ಗೋಡೆಗಳು, ಡೀಸೆಲ್ ತೊಟ್ಟಿ, ತಳದಲ್ಲಿ ಎಣ್ಣೆ ಬೆರೆತ ನೀರು. ಮೇಲೆ ಅಡುಗೆ, ಊಟ, ನಿದ್ರೆ ಎಲ್ಲವೂ. ಇಂಥ ಜಾಗದಲ್ಲಿ ೪೫೦ ಡಿಗ್ರಿಯ ಹೊಗೆಯನ್ನು ಹೊತ್ತ ಕಬ್ಬಿಣದ ಕೊಳವೆ ಹಾದುಹೋಗಬೇಕು. ಮರಕ್ಕೆ ಅದು ತಗಲಿದರೆ ಬೆಂಕಿ. ಕೊಳವೆ ಬಿರಿದರೆ ವಿಷವಾಯು. ದಡ ಹತ್ತಾರು ಮೈಲು ದೂರದಲ್ಲಿರುವಾಗ ಇವೆರಡರಲ್ಲಿ ಯಾವುದು ಬಂದರೂ ಓಡಿಹೋಗಲು ಸ್ಥಳವಿಲ್ಲ.

ಇದಕ್ಕೆ ಎರಡು ಪರಿಹಾರಗಳನ್ನು ಮನುಷ್ಯ ಕಂಡುಕೊಂಡಿದ್ದಾನೆ. ಒಂದನ್ನು ಒಣ ಪದ್ಧತಿ, ಮತ್ತೊಂದನ್ನು ಒದ್ದೆ ಪದ್ಧತಿ ಎಂದು ಕರೆಯಬಹುದು. ಒಣ ಪದ್ಧತಿಯಲ್ಲಿ ಹೊಗೆಯ ಕೊಳವೆಗೆ ದಪ್ಪವಾಗಿ ಶಾಖನಿರೋಧಕವನ್ನು ಸುತ್ತಿ, ಅದನ್ನು ನೆಟ್ಟಗೆ ಅಟ್ಟದ ಮೇಲಕ್ಕೆ ಒಯ್ಯುತ್ತಾರೆ. ಹಿಂದೆ ಕಲ್ನಾರಿನ ಹಗ್ಗವನ್ನು ಸುತ್ತುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಖಚಿತವಾದ ಮೇಲೆ ಗಾಜುನಾರಿನ ಬಟ್ಟೆ ಅದರ ಸ್ಥಾನಕ್ಕೆ ಬಂದಿದೆ. ಈ ಪದ್ಧತಿಯಲ್ಲಿ ಯಂತ್ರದ ಮೈಯನ್ನು ತಣಿಸುವ ಸಿಹಿನೀರನ್ನು ಎಷ್ಟೋ ವೇಳೆ ದೋಣಿಯ ತಳಕ್ಕೆ ಹೊರಗಿನಿಂದ ಜೋಡಿಸಿದ ಕೊಳವೆಗಳಲ್ಲಿ ಸುತ್ತಾಡಿಸಿ ತಂಪುಮಾಡುತ್ತಾರೆ. ಕಡಲ ನೀರು ಒಳಕ್ಕೆ ಬರುವುದೇ ಇಲ್ಲ. ಸರಳವಾದ ವ್ಯವಸ್ಥೆಯಾದರೂ ಇದರಲ್ಲಿ ಸದ್ದು ಹೆಚ್ಚು, ಕೋಣೆಯ ಸೆಕೆ ಹೆಚ್ಚು, ಸುತ್ತಿದ ಬಟ್ಟೆ ಹರಿದಲ್ಲಿ ಅಪಾಯವೂ ಹೆಚ್ಚು.

ಒದ್ದೆ ಪದ್ಧತಿ ಇದಕ್ಕಿಂತ ಜಾಣತನದ್ದು, ಆದರೆ ಹೆಚ್ಚಿನ ಎಚ್ಚರವನ್ನು ಬೇಡುವಂಥದು. ಇಲ್ಲಿ ನೀರಿನ ಪ್ರಯಾಣವನ್ನು ಹೆಜ್ಜೆಹೆಜ್ಜೆಗೆ ಹಿಂಬಾಲಿಸೋಣ. ದೋಣಿಯ ತಳದಲ್ಲಿ ಒಂದು ರಂಧ್ರ, ಅದಕ್ಕೊಂದು ಕವಾಟ. ಕವಾಟವನ್ನು ತೆರೆದರೆ ಕಡಲ ನೀರು ಒಳಗೆ ಬಂದು ಮೊದಲು ಒಂದು ಜಾಲರಿಯನ್ನು ಹಾಯುತ್ತದೆ. ಪಾಚಿ, ಮರಳು, ಕಸ ಅಲ್ಲಿ ಉಳಿಯುತ್ತವೆ. ಅಲ್ಲಿಂದ ಪಂಪು. ಅದರೊಳಗೆ ರಬ್ಬರಿನ ಎಸಳುಗಳುಳ್ಳ ಒಂದು ಪುಟ್ಟ ಚಕ್ರ, ಕಮ್ಮಟದವರ ಮಾತಿನಲ್ಲಿ ‘ಇಂಪೆಲ್ಲರ್’. ಯಂತ್ರ ತಿರುಗಿದಷ್ಟು ಹೊತ್ತೂ ಅದು ತಿರುಗಿ ನೀರನ್ನು ಮುಂದಕ್ಕೆ ನೂಕುತ್ತದೆ. ಮುಂದೆ ಆ ನೀರು ಶಾಖ ವಿನಿಮಯದ ಪೆಟ್ಟಿಗೆಯೊಳಗಿನ ಸಣ್ಣ ಸಣ್ಣ ನಳಿಗೆಗಳಲ್ಲಿ ಹರಿಯುತ್ತದೆ. ಅದೇ ಪೆಟ್ಟಿಗೆಯಲ್ಲಿ ನಳಿಗೆಗಳ ಹೊರಗೆ ಯಂತ್ರದ ಮೈಯನ್ನು ಸುತ್ತಿ ಬಂದ ಸಿಹಿನೀರು ಹರಿಯುತ್ತಿರುತ್ತದೆ. ಉಪ್ಪುನೀರು ಸಿಹಿನೀರಿನ ಬಿಸಿಯನ್ನು ಪಡೆಯುತ್ತದೆ, ಅದರೊಡನೆ ಬೆರೆಯುವುದಿಲ್ಲ.

ಇಷ್ಟಾದ ಮೇಲೆ ಈ ಉಪ್ಪುನೀರನ್ನು ಸುಮ್ಮನೆ ಕಡಲಿಗೆ ಚೆಲ್ಲಬಹುದಾಗಿತ್ತು. ಆದರೆ ಅದರ ಕೆಲಸ ಇನ್ನೂ ಮುಗಿದಿಲ್ಲ. ಅದನ್ನು ಹೊಗೆಯ ದಾರಿಗೆ ಒಯ್ಯುತ್ತಾರೆ. ಯಂತ್ರದಿಂದ ಹೊರಟ ಹೊಗೆಯ ಕೊಳವೆ ಮೊದಲು ಮೇಲಕ್ಕೇರಿ, ಅನಂತರ ಮೊಣಕೈಯಂತೆ ಬಾಗಿ ಕೆಳಕ್ಕಿಳಿಯುತ್ತದೆ. ಇಳಿಯುವ ಆ ತೋಳಿನಲ್ಲಿ, ಬಾಗನ್ನು ದಾಟಿದ ಮೇಲೆಯೇ, ನೀರನ್ನು ಹೊಗೆಗೆ ಬೆರೆಸಬೇಕು. ಏರುವ ತೋಳಿನಲ್ಲಿ ಬೆರೆಸಿದರೆ ನೀರು ಯಂತ್ರದ ಕಡೆಗೇ ಉರುಳುತ್ತದೆ. ಇಳಿಯುವ ತೋಳಿನಲ್ಲಿ ಬೆರೆಸಿದರೆ ಭೂಮಿಯ ಸೆಳೆತವೇ ಕಾವಲುಗಾರನಾಗಿ ಅದನ್ನು ಹೊರಗಡೆಗೆ ಒಯ್ಯುತ್ತದೆ. ಇಡೀ ವ್ಯವಸ್ಥೆಯ ವಿವೇಕವೆಲ್ಲ ಈ ಒಂದು ಗೇಣಿನ ಅಂತರದಲ್ಲಿ ಅಡಗಿದೆ.

ಮೊಣಕೈ ಕೊಳವೆಯಲ್ಲಿ ನೀರು ಹೊಗೆಯೊಳಗೆ ತುಂತುರಾಗಿ ಚೆಲ್ಲಿದಾಗ ಏನಾಗುತ್ತದೆ? ಒಂದು ಗ್ರಾಂ ನೀರನ್ನು ೩೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಕಾಯಿಸಲು ೭೦ ಕ್ಯಾಲೊರಿ ಬೇಕು. ಆದರೆ ಅದೇ ಒಂದು ಗ್ರಾಂ ಆವಿಯಾಗಬೇಕಾದರೆ ಮತ್ತೆ ೫೪೦ ಕ್ಯಾಲೊರಿಯನ್ನು ನುಂಗುತ್ತದೆ. ನೀರಿನ ಒಂದು ಸಣ್ಣ ಅಂಶ ಆವಿಯಾದರೂ ಸಾಕು, ಹೊಗೆಯ ಉಗ್ರತೆ ಕ್ಷಣಾರ್ಧದಲ್ಲಿ ಇಳಿಯುತ್ತದೆ. ಉಳಿದ ನೀರು ನೀರಾಗಿಯೇ ಹೊಗೆಯ ಜೊತೆ ಹರಿಯುತ್ತದೆ. ೪೫೦ ಡಿಗ್ರಿಯಿಂದ ಹೊರಟ ಹೊಗೆ ಒಂದೆರಡು ಗೇಣು ಸಾಗುವಷ್ಟರಲ್ಲಿ ಕೈ ತಾಳಬಹುದಾದಷ್ಟು ಬಿಸಿಗೆ ಇಳಿಯುತ್ತದೆ. ಆದ್ದರಿಂದಲೇ ಅಲ್ಲಿಂದ ಮುಂದೆ ಕಬ್ಬಿಣದ ಕೊಳವೆ ಬೇಕಿಲ್ಲ. ರಬ್ಬರಿನ ಕೊಳವೆ ಸಾಕು. ಬೆಂಕಿಯ ದಾರಿಗೆ ರಬ್ಬರಿನ ಗೋಡೆ! ನೀರು ಜೊತೆಯಲ್ಲಿರುವವರೆಗೆ ಮಾತ್ರ ಇದು ಸಾಧ್ಯವೆಂಬುದನ್ನು ಮರೆಯಬಾರದು.

ತಣಿದ ವಾಯು ಕುಗ್ಗುತ್ತದೆ. ನಿರಪೇಕ್ಷ ಮಾನದಲ್ಲಿ ೪೫೦ ಡಿಗ್ರಿ ಸೆಂಟಿಗ್ರೇಡ್ ಎಂದರೆ ೭೨೩. ೬೦ ಡಿಗ್ರಿ ಎಂದರೆ ೩೩೩. ಒತ್ತಡ ಒಂದೇ ಇದ್ದರೆ ಹೊಗೆಯ ಗಾತ್ರವೂ ಇದೇ ಪ್ರಮಾಣದಲ್ಲಿ ಇಳಿದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಗಾತ್ರ ಕುಗ್ಗಿದಂತೆ ಅದರ ಆರ್ಭಟವೂ ಕುಗ್ಗುತ್ತದೆ. ನೆಲದ ಮೇಲೆ ಡುಗುಡುಗು ಎಂದು ಎದೆ ನಡುಗಿಸುವ ಯಂತ್ರ ದೋಣಿಯಲ್ಲಿ ಗೊಳಗೊಳ ಎಂದು ಮಾತಾಡುವುದಕ್ಕೆ ಇದೇ ಕಾರಣ.

ಮೊಣಕೈಯಿಂದ ಇಳಿದ ನೀರು ಮತ್ತು ಹೊಗೆ ಯಂತ್ರಕ್ಕಿಂತ ಕೆಳಮಟ್ಟದಲ್ಲಿರುವ ಒಂದು ಪೆಟ್ಟಿಗೆಯನ್ನು ಸೇರುತ್ತವೆ. ಇದನ್ನು ನೀರ್ಪೆಟ್ಟಿಗೆಯೆನ್ನೋಣ. ನೀರು ಅದರ ತಳದಲ್ಲಿ ನಿಲ್ಲುತ್ತದೆ. ಹೊಗೆಯ ಒತ್ತಡ ಅದನ್ನು ಹೊರಕೊಳವೆಯ ಮೂಲಕ ಮೇಲಕ್ಕೆತ್ತಿ ಆಚೆಗೆ ಎಸೆಯುತ್ತದೆ. ಆ ಹೊರಕೊಳವೆ ನೇರವಾಗಿ ಹೊರಕ್ಕೆ ಹೋಗದೆ, ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಏರಿ, ಬಾಗಿ, ಬಳಿಕ ದೋಣಿಯ ಹಿಂಗಡೆಯ ಬಾಯಿಗೆ ಇಳಿಯುತ್ತದೆ. ಈ ಬಾಗನ್ನು ಪರಭಾಷೆಯವರು ಹಂಸದ ಕುಲದ್ದೇ ಆದ ಬೇರೊಂದು ಹಕ್ಕಿಯ ಕೊರಳಿಗೆ ಹೋಲಿಸುತ್ತಾರೆ. ನಾವು ಹಂಸಕಂಠವೆಂದರೆ ತಪ್ಪಾಗದು. ಹಿಂದಿನಿಂದ ಬಂದ ತೆರೆ ಬಾಯಿಯೊಳಗೆ ನುಗ್ಗಿದರೂ ಹಂಸಕಂಠವನ್ನು ಏರಲಾರದೆ ಹಿಂದಿರುಗುತ್ತದೆ. ಯಂತ್ರ ನಿಂತಾಗ ಹೊರಕೊಳವೆಯಲ್ಲಿದ್ದ ನೀರು ಜಾರಿ ನೀರ್ಪೆಟ್ಟಿಗೆಗೆ ಬೀಳುತ್ತದೆ. ಅದೆಲ್ಲವನ್ನೂ ಹಿಡಿಯುವಷ್ಟು ಒಡಲು ಆ ಪೆಟ್ಟಿಗೆಗೆ ಇರಬೇಕು.

ಇಷ್ಟನ್ನು ಕೇಳಿದಾಗ ವ್ಯವಸ್ಥೆ ಸೊಗಸಾಗಿದೆಯೆನ್ನಿಸುತ್ತದೆ. ನಿಜಕ್ಕೂ ಸೊಗಸಾಗಿಯೇ ಇದೆ. ಆದರೆ ಅಪಾಯಗಳೂ ಇದರ ಜೊತೆಗೇ ಬಂದಿವೆ. ಅವು ನಾಲ್ಕು.

ಮೊದಲನೆಯದು, ನೀರು ಬಾರದಿರುವುದು. ತಳದ ಕವಾಟವನ್ನು ತೆರೆಯಲು ಮರೆತಿರಬಹುದು. ಪ್ಲಾಸ್ಟಿಕ್ ಚೀಲವೋ ಲೋಳೆಮೀನೋ ಬಾಯಿಗೆ ಅಂಟಿಕೊಂಡಿರಬಹುದು. ರಬ್ಬರಿನ ಚಕ್ರಕ್ಕೆ ನೀರೇ ಎಣ್ಣೆಯಿದ್ದಂತೆ. ಒಣಗಿ ತಿರುಗಿದರೆ ಅದರ ಎಸಳುಗಳು ಸ್ವಲ್ಪ ಹೊತ್ತಿನಲ್ಲಿಯೇ ಹರಿದುಹೋಗುತ್ತವೆ. ಆಗ ೪೫೦ ಡಿಗ್ರಿಯ ಹೊಗೆ ನೀರಿನ ಜೊತೆಯಿಲ್ಲದೆ ರಬ್ಬರ್ ಕೊಳವೆಯನ್ನು ಹೊಕ್ಕು ಅದನ್ನು ಸುಡತೊಡಗುತ್ತದೆ. ಮುರಿದ ಎಸಳಿನ ಚೂರುಗಳು ಮುಂದೆ ಹೋಗಿ ಶಾಖ ವಿನಿಮಯದ ನಳಿಗೆಗಳ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ; ಹೊಸ ಚಕ್ರವನ್ನು ಹಾಕುವವನು ಹಳೆಯದರ ಚೂರುಗಳನ್ನೆಲ್ಲ ಹುಡುಕಿ ತೆಗೆಯದಿದ್ದರೆ ಕೆಲಸ ಅರ್ಧವಾದಂತೆ. ಯಂತ್ರ ಅತಿಯಾಗಿ ಕಾದು ನಿಲ್ಲುವುದೆಂದರೆ ಬಯಲಲ್ಲಿ ಟ್ರ್ಯಾಕ್ಟರು ನಿಂತಂತಲ್ಲ. ದೋಣಿಯವರು ಹೆಚ್ಚು ಅಂಜುವುದು ಅಳಿವೆಗೆ. ನದಿಯೂ ಕಡಲೂ ಕೂಡುವ ಆ ಬಾಯಲ್ಲಿ ಮರಳದಿಣ್ಣೆಯ ಮೇಲೆ ತೆರೆ ಒಡೆಯುತ್ತಿರುತ್ತದೆ. ಅಲ್ಲಿ ಯಂತ್ರ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ತೆರೆ ಅದನ್ನು ಮಗುಚಿಬಿಡಬಹುದು. ಮುಂಗೈಯಗಲದ ಒಂದು ರಬ್ಬರಿನ ಚಕ್ರಕ್ಕೆ ಅಷ್ಟು ಜನರ ಪ್ರಾಣ ಜೋತುಬಿದ್ದಿರುತ್ತದೆ.

ಎರಡನೆಯದು, ನೀರು ಹಿಂದಕ್ಕೆ ಬರುವುದು. ಇದು ಎರಡು ರೀತಿಯಲ್ಲಿ ಬರುತ್ತದೆ. ಮುಂಜಾನೆ ಯಂತ್ರ ಹೂಡಲು ಯತ್ನಿಸುತ್ತಾರೆ, ಅದು ಹೂಡುವುದಿಲ್ಲ, ಮತ್ತೆ ಮತ್ತೆ ತಿರುಗಿಸುತ್ತಾರೆ. ಒಂದೊಂದು ಸಲ ತಿರುಗಿದಾಗಲೂ ಪಂಪು ತನ್ನ ಪಾಲಿನ ನೀರನ್ನು ನೂಕುತ್ತಲೇ ಇರುತ್ತದೆ. ಆದರೆ ಎಣ್ಣೆ ಹೊತ್ತಿಕೊಳ್ಳದೆ ಹೊಗೆಯಿಲ್ಲ, ಹೊಗೆಯಿಲ್ಲದೆ ನೀರನ್ನು ಹೊರಗೆಸೆಯುವ ಒತ್ತಡವಿಲ್ಲ. ನೀರ್ಪೆಟ್ಟಿಗೆ ತುಂಬುತ್ತದೆ, ಮೊಣಕೈ ತುಂಬುತ್ತದೆ, ಕೊನೆಗೆ ನೀರು ಬಾಗನ್ನು ದಾಟಿ ಯಂತ್ರದ ಸಿಲಿಂಡರಿಗೇ ಇಳಿಯುತ್ತದೆ. ಡೀಸೆಲ್ ಯಂತ್ರ ಗಾಳಿಯನ್ನು ಹದಿನಾರರಲ್ಲೊಂದು ಪಾಲಿನಷ್ಟು ಕಿರಿದಾದ ಜಾಗಕ್ಕೆ ಹಿಂಡುವಂಥದು. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ತದಡಿಗೆ ಹೋಗಿದ್ದಾಗ ಇಂಥದೊಂದು ಯಂತ್ರವನ್ನು ಬಿಚ್ಚಿ ಹಾಸಿದ್ದನ್ನು ನಾನು ಕಂಡೆ. ಹೆಬ್ಬೆರಳಿಗಿಂತ ದಪ್ಪನಾದ ಉಕ್ಕಿನ ತೋಳು ಬೆಂಡಾಗಿ ಬಾಗಿತ್ತು. ಹೊಸ ಹುಡುಗರು ಯಂತ್ರ ಹೂಡಲಿಲ್ಲವೆಂದು ಅರ್ಧ ತಾಸು ತಿರುಗಿಸಿದ್ದರಂತೆ. ಕೊನೆಗೊಮ್ಮೆ ಹೂಡಿದಾಗ ಕೇಳಿದ್ದು ಒಂದೇ ಒಂದು ಪೆಟ್ಟು. ಸುಗ್ಗಿಯ ಕಾಲದಲ್ಲಿ ಎಷ್ಟೋ ವಾರ ಆ ದೋಣಿ ದಡದಲ್ಲಿ ಉಳಿಯಿತು. ಪಾಲಿನ ಮೇಲೆ ದುಡಿಯುವ ಅಷ್ಟೂ ಮನೆಗಳ ಒಲೆ ಮಂಕಾಯಿತು. ಉಪಾಯ ತೀರ ಸರಳ: ಯಂತ್ರ ಬೇಗ ಹೂಡದಿದ್ದರೆ ತಳದ ಕವಾಟವನ್ನು ಮುಚ್ಚಿ ತಿರುಗಿಸಬೇಕು, ಹೂಡಿದ ಕ್ಷಣವೇ ಅದನ್ನು ತೆರೆಯಬೇಕು. ‘ಏಕೆ’ ಎಂಬುದು ತಿಳಿದವನು ಇದನ್ನು ಮರೆಯುವುದಿಲ್ಲ.

ಹಿಮ್ಮುಖ ಬರುವ ಎರಡನೆಯ ರೀತಿ ಇನ್ನೂ ಮೋಸದ್ದು, ಏಕೆಂದರೆ ಆಗ ಯಾರೂ ಯಂತ್ರವನ್ನು ಮುಟ್ಟಿರುವುದಿಲ್ಲ. ಪೀಪಾಯಿಯಿಂದ ಸೀಮೆಎಣ್ಣೆಯನ್ನು ರಬ್ಬರ್ ನಳಿಗೆಯಿಂದ ಇಳಿಸುವುದನ್ನು ನೀವು ಕಂಡಿರುವಿರಿ. ಒಮ್ಮೆ ಬಾಯಿಂದ ಎಳೆದುಬಿಟ್ಟರೆ, ಮೇಲಿನ ಪಾತ್ರೆಯಿಂದ ಕೆಳಗಿನದಕ್ಕೆ ಎಣ್ಣೆ ತಾನೇ ಹರಿಯುತ್ತಿರುತ್ತದೆ. ದೋಣಿಯ ಯಂತ್ರ ಎಷ್ಟೋ ವೇಳೆ ಕಡಲಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಯಂತ್ರ ನಿಂತ ಮೇಲೂ ಕಡಲ ನೀರು ಅದೇ ನ್ಯಾಯದಿಂದ ಪಂಪಿನ ಎಸಳುಗಳ ಸಂದಿಯಲ್ಲಿ ನುಸುಳಿ, ರಾತ್ರಿಯಿಡೀ ಹರಿದು, ಬೆಳಗಾಗುವಷ್ಟರಲ್ಲಿ ಸಿಲಿಂಡರನ್ನು ತುಂಬಬಲ್ಲುದು. ಇದನ್ನು ತಡೆಯಲು ನೀರಿನ ಕೊಳವೆಯನ್ನು ಮೊಣಕೈಗೆ ಸೇರಿಸುವ ಮೊದಲು ಕಡಲಿನ ಮಟ್ಟಕ್ಕಿಂತ ಒಂದು ಅಡಿಯಷ್ಟಾದರೂ ಎತ್ತರಕ್ಕೆ ಕಮಾನಿನಂತೆ ಎತ್ತಿ, ಆ ಕಮಾನಿನ ನೆತ್ತಿಯಲ್ಲಿ ಗಾಳಿಯನ್ನು ಒಳಬಿಡುವ ಒಂದು ಸಣ್ಣ ಕವಾಟವನ್ನು ಇಡುತ್ತಾರೆ. ಯಂತ್ರ ನಿಂತೊಡನೆ ಗಾಳಿ ಒಳಹೊಕ್ಕು ನೀರಿನ ಎಳೆಯನ್ನು ಕಡಿಯುತ್ತದೆ. ಆ ಕವಾಟದಲ್ಲಿ ಉಪ್ಪು ಕಟ್ಟಿಕೊಂಡರೆ ಕಾವಲುಗಾರ ನಿದ್ರೆ ಹೋದಂತೆ. ಆದುದರಿಂದ ಆಗಾಗ ಅದನ್ನು ಬಿಚ್ಚಿ ತೊಳೆಯಬೇಕು. ರಾತ್ರಿ ಲಂಗರು ಹಾಕಿದ ಮೇಲೆ ತಳದ ಕವಾಟವನ್ನು ಮುಚ್ಚುವುದಂತೂ ಇನ್ನೂ ಒಳ್ಳೆಯದು.

ಮೂರನೆಯ ಅಪಾಯ ಉಪ್ಪು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ಕೊಳವೆಬಾವಿಯ ನೀರು ಕಾಯಿಸುವ ನಮ್ಮ ಬಚ್ಚಲ ಹಂಡೆಯಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಕಡಲ ನೀರನ್ನೇ ನೇರವಾಗಿ ಮೈಯಲ್ಲಿ ಹಾಯಿಸುವ ಹಳೆಯ ಮಾದರಿಯ ಯಂತ್ರಗಳನ್ನು ಇದೇ ಭಯದಿಂದ ೫೫–೬೦ ಡಿಗ್ರಿಗಿಂತ ಹೆಚ್ಚು ಕಾಯಗೊಡುತ್ತಿರಲಿಲ್ಲ. ಅದರಾಚೆ ಲವಣಗಳು ಬೇಗ ಗಟ್ಟಿಯಾಗುತ್ತವೆ. ಸಿಹಿನೀರಿನ ಸುತ್ತು ಬೇರೆ, ಉಪ್ಪುನೀರಿನ ಸುತ್ತು ಬೇರೆ ಎಂಬ ಏರ್ಪಾಡು ಬಂದುದು ಯಂತ್ರವನ್ನು ಈ ಕಾಟದಿಂದ ಪಾರುಮಾಡಲೆಂದೇ. ಆದರೆ ಮೊಣಕೈ ಕೊಳವೆಗೆ ಪಾರಾಗುವ ದಾರಿಯಿಲ್ಲ. ಬೆಂಕಿ, ಉಪ್ಪು, ನೀರು, ಹೊಗೆಯ ಆಮ್ಲ ಎಲ್ಲವೂ ಒಟ್ಟಿಗೆ ಬಡಿಯುವ ಸ್ಥಳ ಅದೊಂದೇ. ಇಡೀ ವ್ಯವಸ್ಥೆಯಲ್ಲಿ ಮೊದಲು ಸವೆಯುವುದೂ ಅದೇ. ಹೊರಗಿನಿಂದ ಬಣ್ಣ ಬಳಿದು ಗಟ್ಟಿಯಾಗಿ ಕಾಣುವ ಕೊಳವೆಯ ಒಳಗೆ ಮಸಿ ಮತ್ತು ಉಪ್ಪು ಕಟ್ಟಿ ದಾರಿ ಕಿರಿದಾಗಿರುತ್ತದೆ. ಗೋಡೆ ಎಲೆಯಷ್ಟು ತೆಳುವಾಗಿರುತ್ತದೆ. ಬಿಚ್ಚಿ ನೋಡದೆ ಇದು ತಿಳಿಯುವಂತಿಲ್ಲ. ಶಾಖ ವಿನಿಮಯದ ಪೆಟ್ಟಿಗೆಗೆ ಮಾತ್ರ ಒಬ್ಬ ಬಂಟನನ್ನು ಕೊಟ್ಟಿದ್ದಾರೆ: ಸತುವಿನ ಒಂದು ಕಡ್ಡಿ. ಉಪ್ಪುನೀರು ಲೋಹವನ್ನು ತಿನ್ನಲು ಬಂದಾಗ ಸತು ತಾನೇ ಮೊದಲು ಸವೆದು ಉಳಿದ ಲೋಹವನ್ನು ಕಾಯುತ್ತದೆ. ಸವೆದ ಕಡ್ಡಿಯನ್ನು ಬದಲಿಸದಿದ್ದರೆ ಆ ತ್ಯಾಗಕ್ಕೆ ಅರ್ಥವಿಲ್ಲ. ಲಿಂಗನಮಕ್ಕಿಯ ಶರಾವತಿ ಹಿನ್ನೀರಿನಂಥ ಸಿಹಿನೀರಿನಲ್ಲಿ ಓಡುವ ಲಾಂಚುಗಳಿಗೆ ಕಡಲ ಉಪ್ಪಿನ ಈ ಕಾಟವಿಲ್ಲ.

ನಾಲ್ಕನೆಯ ಅಪಾಯ ಕಣ್ಣಿಗೆ ಕಾಣದ್ದು, ಮೂಗಿಗೆ ತಿಳಿಯದ್ದು. ಮೊಣಕೈ ತೂತಾದರೆ ನೀರಿನಂತೆ ಹೊಗೆಯೂ ಸೋರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ನೆತ್ತರಿನ ಕೆಂಪು ವಸ್ತು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಡೀಸೆಲ್ಲಿನ ಹೊಗೆಯಲ್ಲಿ ಪೆಟ್ರೋಲಿನ ಹೊಗೆಗಿಂತ ಇದು ಕಡಿಮೆಯೆಂಬುದು ನಿಜ. ಆದರೆ ಬಲೆ ಎಳೆದು ದಣಿದ ಜನ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಿರುವಾಗ ಕಡಿಮೆಯೆಂಬುದನ್ನು ನೆಚ್ಚಲಾಗದು. ತಲೆನೋವು, ಓಕರಿಕೆ, ಮಂಪರು ಬಂದರೆ ಅವು ಕಡಲ ತಲೆಸುತ್ತೆಂದು ತಳ್ಳಿಹಾಕುವ ಮೊದಲು ಬಾಗಿಲು ತೆರೆದು, ಎಲ್ಲರನ್ನೂ ಗಾಳಿಗೆ ಕರೆತರಬೇಕು.

ಈ ನಾಲ್ಕರ ಪೈಕಿ ಹೆಚ್ಚಿನವು ಮುನ್ಸೂಚನೆಯಿಲ್ಲದೆ ಬರುವುದಿಲ್ಲ. ಯಂತ್ರ ಹೂಡಿದೊಡನೆ ಅನುಭವಿಯಾದ ತಾಂಡೇಲ ಹಿಂಗಡೆಗೆ ಬಾಗಿ ಕೊಳವೆಯ ಬಾಯನ್ನು ನೋಡುತ್ತಾನೆ. ಹೊಗೆಯ ಜೊತೆ ನೀರು ತಡೆತಡೆದು, ಆದರೆ ತಪ್ಪದೆ ಚಿಮ್ಮುತ್ತಿದ್ದರೆ ಅವನಿಗೆ ಸಮಾಧಾನ. ನೀರು ಕಡಿಮೆಯಾದರೆ ದನಿ ಬದಲಾಗುತ್ತದೆ. ಗೊಳಗೊಳ ಎನ್ನುತ್ತಿದ್ದುದು ಒಣಗಿ ಟೊಳ್ಳಾಗಿ ಕೇಳುತ್ತದೆ. ಬಿಳಿಯ ಆವಿ ದಟ್ಟವಾಗುತ್ತದೆ. ರಬ್ಬರ್ ಸುಟ್ಟ ವಾಸನೆ ಬರುತ್ತದೆ. ಅಷ್ಟರೊಳಗೆ ಯಂತ್ರವನ್ನು ನಿಲ್ಲಿಸಿ ಜಾಲರಿಯನ್ನೂ ಚಕ್ರವನ್ನೂ ಪರೀಕ್ಷಿಸಿದರೆ ಹಾನಿ ಒಂದು ರಬ್ಬರಿನ ಚಕ್ರದ ಬೆಲೆಗೆ ಮುಗಿಯುತ್ತದೆ. ಬಿಡಿ ಚಕ್ರವೊಂದನ್ನು ದೋಣಿಯಲ್ಲಿಯೇ ಇಟ್ಟುಕೊಂಡಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕರ್ನಾಟಕದ ಕಡಲಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿ ಬೆಳೆಯಲೆಂದು ಕೊಟ್ಟ ಈ ಬಿಡುವು ಯಂತ್ರಕ್ಕೂ ಬಿಡುವು. ಬಲೆಗಳನ್ನು ಹೆಣೆಯುತ್ತಾರೆ, ದೋಣಿಗೆ ಬಣ್ಣ ಹಚ್ಚುತ್ತಾರೆ, ಪೂಜೆ ಮಾಡುತ್ತಾರೆ. ಈ ದಿನಗಳಲ್ಲಿಯೇ ಮೊಣಕೈ ಕೊಳವೆಯನ್ನು ಬಿಚ್ಚಿ ಒಳಗೆ ಬೆಳಕು ಹಾಯಿಸಿ ನೋಡಬೇಕು. ರಬ್ಬರಿನ ಚಕ್ರವನ್ನೂ ಸತುವಿನ ಕಡ್ಡಿಯನ್ನೂ ಬದಲಿಸಬೇಕು. ಕಮಾನಿನ ಗಾಳಿಕವಾಟವನ್ನು ತೊಳೆಯಬೇಕು. ಯಂತ್ರದೊಳಗೆ ನಿಂತ ಉಪ್ಪುನೀರನ್ನು ಸಿಹಿನೀರಿನಿಂದ ಕಳೆಯಬೇಕು. ಹೊರಗಿನ ಬಣ್ಣಕ್ಕೆ ಖರ್ಚು ಮಾಡುವವರು ಒಳಗಿನ ಕೊಳವೆಗೂ ಒಂದು ದಿನವನ್ನು ಕೊಡಬೇಕು.

ಈ ಭಾಷಣವನ್ನು ಸಿದ್ಧಪಡಿಸುವಾಗ ನನ್ನನ್ನು ಕಾಡಿದುದು ಪದಗಳ ಪ್ರಶ್ನೆ. ಇಂಪೆಲ್ಲರ್, ಎಲ್ಬೋ, ಸೈಲೆನ್ಸರ್ ಎಂಬ ಮಾತುಗಳು ಕಮ್ಮಟಗಳಲ್ಲಿ ಕನ್ನಡವೇ ಆಗಿಬಿಟ್ಟಿವೆ. ಅವನ್ನು ಓಡಿಸಿ ಸಂಸ್ಕೃತದ ಸಮಾಸಗಳನ್ನು ತಂದು ಕೂಡಿಸಬೇಕೆಂಬ ಹಟ ನನಗಿಲ್ಲ. ಪದ ಎಲ್ಲಿಂದಲಾದರೂ ಬರಲಿ; ವಾಕ್ಯ ನಮ್ಮದಾಗಿರಬೇಕು. ‘ಇದನ್ನು ಮುಚ್ಚು’ ಎಂಬುದು ಆಜ್ಞೆ. ‘ನೀರು ಹಿಂದಕ್ಕೆ ಬರುತ್ತದೆ, ಅದಕ್ಕಾಗಿ ಇದನ್ನು ಮುಚ್ಚು’ ಎಂಬುದು ವಿದ್ಯೆ. ಆಜ್ಞೆಯನ್ನು ಮಾತ್ರ ಕಲಿತವನು ಆಜ್ಞೆ ಕೊಡುವವನು ನಿದ್ರಿಸುತ್ತಿರುವಾಗ ಅಸಹಾಯಕ. ಕಾರಣವನ್ನೂ ಕಲಿತವನು ಕತ್ತಲಲ್ಲಿಯೂ ಕೈಯಿಟ್ಟು ಕವಾಟವನ್ನು ಹುಡುಕುತ್ತಾನೆ. ಮೀನುಗಾರರ ಸಂಘಗಳು, ಕಾಲೇಜಿನ ತಜ್ಞರು, ಕನ್ನಡ ಬರೆಯಬಲ್ಲ ನಾವು, ಮೂವರೂ ಕೂಡಿದರೆ ಇಪ್ಪತ್ತು ಪುಟದ ಒಂದು ಚಿತ್ರಸಹಿತ ಕೈಪಿಡಿಯನ್ನು ತರುವುದು ಕಷ್ಟದ ಕೆಲಸವೇನಲ್ಲ. ಕೊಪ್ಪಳದಿಂದಲೋ ಗದಗಿನಿಂದಲೋ ಹೊರಟು ಮೊದಲ ಬಾರಿಗೆ ಕಡಲನ್ನು ಕಾಣುವ ಹುಡುಗನ ಚೀಲದಲ್ಲಿ ಅದು ಇರಬೇಕು.

ಪುರಾಣದ ಬಡಬಾನಲಕ್ಕೆ ದೇವತೆಗಳ ಕಟ್ಟಳೆಯಿತ್ತು. ಅದು ಎಲ್ಲೆ ಮೀರುವ ಭಯವಿರಲಿಲ್ಲ. ದೋಣಿಯ ಬೆಂಕಿಗೆ ಇರುವ ಕಟ್ಟಳೆ ಮನುಷ್ಯನ ಗಮನವೊಂದೇ. ನಿಮ್ಮ ಮನೆಯ ಅಥವಾ ನೆರೆಮನೆಯ ಹುಡುಗನೊಬ್ಬ ಈ ಆಗಸ್ಟಿನಲ್ಲಿ ಮಲ್ಪೆಗೋ ಮಂಗಳೂರಿಗೋ ಹೊರಟಿದ್ದರೆ ಅವನಿಗೆ ಇಷ್ಟನ್ನಾದರೂ ಹೇಳಿ ಕಳಿಸಿ: ಯಂತ್ರ ಹೂಡಿದ ಮೇಲೆ ಹಿಂಗಡೆಗೆ ಹೋಗಿ ನೀರು ಬೀಳುತ್ತಿದೆಯೇ ನೋಡು; ಯಂತ್ರ ಹೂಡದಿದ್ದರೆ ತಳದ ಕವಾಟವನ್ನು ಮುಚ್ಚಿ ತಿರುಗಿಸು; ತಲೆ ಭಾರವಾದರೆ ಮೇಲೆ ಬಾ. ಮಿಕ್ಕುದನ್ನು ಕಡಲು ಅವನಿಗೆ ಕಲಿಸುತ್ತದೆ.